ಬಣ್ಣದಡಿ ಸಿಕ್ಕಿಕೊಂಡ ಕರೆಂಟು

ಬ್ರೇಕ್ ಒತ್ತಿದರೆ ಹೆಡ್‌ಲೈಟ್ ಮಂಕಾಗುತ್ತಿತ್ತು. ಬಿಟ್ಟರೆ ಮತ್ತೆ ಸ್ವಲ್ಪ ಬೆಳಕು. ಹಾರ್ನ್ ಹೊಡೆದರೆ ದೀಪವೂ ಮಂಕು, ಹಾರ್ನ್ ಸದ್ದೂ ಗಂಟಲು ಕಟ್ಟಿದ ಹಾಗೆ. ಇದನ್ನು ನೋಡಿಯೂ ನೋಡದ ಹಾಗೆ ಒಂದು ವರ್ಷ ಬೈಕ್ ಓಡಿಸಿದೆ. "ಹಳೇ ಜಾವಾ ಅಲ್ವಾ, 6 ವೋಲ್ಟ್ ಗಾಡಿ, ಅದರ ಬೆಳಕೇ ಅಷ್ಟು" ಅಂತ ಕೇಳಿದವರೆಲ್ಲ ಹೇಳಿದರು. ನಾನೂ ನಂಬಿದೆ. ಆಗ ತಾನೇ ಇಡೀ ಗಾಡಿ ಬಿಚ್ಚಿ, ಚಾಸಿಯಿಂದ ಹಿಡಿದು ಟ್ಯಾಂಕಿನವರೆಗೆ ಹೊಸ ಬಣ್ಣ ಹೊಡೆಸಿದ್ದೆ. ಬಿಸಿಲಿಗೆ ನಿಲ್ಲಿಸಿದರೆ ಕಣ್ಣು ಕೋರೈಸುವ ಹಾಗಿತ್ತು. ಇಷ್ಟು ಚೆಂದ ಕಾಣುವ ಗಾಡಿಯ ಒಳಗೆ ಏನೋ ಕೆಟ್ಟಿದೆ ಅಂತ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

ಗಾಡಿ ಅಪ್ಪನದು. 1968ರದು. ಮೈಸೂರಿನ ಜಾವಾ ಬಗ್ಗೆ ನಾನು ಹೊಸದಾಗಿ ಹೇಳುವಂಥದ್ದೇನೂ ಇಲ್ಲ. 1961ರಲ್ಲಿ ಅಲ್ಲಿ ಗಾಡಿ ತಯಾರಾಗಲು ಶುರುವಾಗಿದ್ದು, ಆಮೇಲೆ ಅದು ಯೆಜ್ಡಿ ಆಗಿದ್ದು, 1996ರಲ್ಲಿ ಬಾಗಿಲು ಹಾಕಿದ್ದು ಎಲ್ಲರಿಗೂ ಗೊತ್ತು. ನಾನು ಹೇಳಬೇಕಾಗಿರುವುದು ಯಾರೂ ಫೋಟೋ ತೆಗೆಯದ ಭಾಗದ ಬಗ್ಗೆ. ಹಳೇ ಗಾಡಿ ಇಟ್ಟುಕೊಂಡಿರುವ ನಾವೆಲ್ಲ ಕ್ರೋಮ್ ಬಗ್ಗೆ ಮಾತಾಡುತ್ತೇವೆ, ಟ್ಯಾಂಕಿನ ಮೇಲಿನ ಗೆರೆ ಸರಿಯಾದ ಅಳತೆಯಲ್ಲಿದೆಯಾ ಅಂತ ಗಂಟೆಗಟ್ಟಲೆ ವಾದ ಮಾಡುತ್ತೇವೆ. ವೈರಿಂಗ್ ವಿಷಯಕ್ಕೆ ಬಂದರೆ "ಅದನ್ನ ಎಲೆಕ್ಟ್ರಿಷಿಯನ್ ನೋಡ್ಕೋತಾನೆ ಬಿಡು" ಅಂತ ಮುಗಿಸುತ್ತೇವೆ. ನಾನೂ ಹಾಗೇ ಮುಗಿಸಿದ್ದೆ. ಬಣ್ಣ ಒಣಗಿದ ಮೇಲೆ ಅದೇ ಹಳೇ ವೈರುಗಳನ್ನು ಒರೆಸಿ, ಮೇಲೆ ಹೊಸ ಟೇಪು ಸುತ್ತಿಸಿ, ವಾಪಸ್ ಕೂರಿಸಿಬಿಟ್ಟಿದ್ದೆ.

ಒಂದು ರಾತ್ರಿ ಆ ತಪ್ಪು ಎದುರಿಗೇ ಬಂದು ನಿಂತಿತು. ಒಬ್ಬನೇ ಬರುತ್ತಿದ್ದೆ. ರಸ್ತೆಯಲ್ಲಿ ದೀಪವಿಲ್ಲ, ಚಂದ್ರನೂ ಇಲ್ಲ. ಎಡಕ್ಕೆ ಒಂದು ಕಡಿದಾದ ತಿರುವು. ವೇಗ ಕಡಿಮೆ ಮಾಡಿ ಹ್ಯಾಂಡಲ್ ಎಡಕ್ಕೆ ತಿರುಗಿಸಿದ ಕ್ಷಣ ಹೆಡ್‌ಲೈಟ್ ಪೂರ್ತಿ ಆರಿತು. ಮಂಕಾಗಲಿಲ್ಲ, ಆರಿಯೇ ಹೋಯಿತು. ಕಣ್ಣ ಮುಂದೆ ಏನೂ ಇಲ್ಲ. ಎಂಜಿನ್ ಮಾತ್ರ ತನ್ನ ಪಾಡಿಗೆ ಟಪಟಪ ಅನ್ನುತ್ತಿದೆ. ಗಾಬರಿಯಲ್ಲಿ ಹ್ಯಾಂಡಲ್ ನೇರ ಮಾಡಿದೆ, ದೀಪ ಬಂತು, ಮುಂದಿನ ಚಕ್ರದಿಂದ ಎರಡು ಮಾರು ದೂರದಲ್ಲಿ ರಸ್ತೆ ಮುಗಿದು ಚರಂಡಿ ಶುರುವಾಗಿತ್ತು. ನಿಲ್ಲಿಸಿದೆ. ಕಾಲು ನಡುಗುತ್ತಿತ್ತು. ಆಗ ಮೂಗಿಗೆ ವಾಸನೆ ಬಡಿಯಿತು. ಬಿಸಿಯಾದ ಪ್ಲಾಸ್ಟಿಕ್ ವಾಸನೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಟ್ಯಾಂಕಿನ ಕೆಳಗೆ ಕೈ ಹಾಕಿ ವೈರಿನ ಕಟ್ಟು ಮುಟ್ಟಿದೆ. ಒಂದು ಜಾಗದಲ್ಲಿ ಬೆರಳು ಇಡಲಾಗದಷ್ಟು ಬಿಸಿ. ಅದರಿಂದ ಒಂದು ಗೇಣು ದೂರದಲ್ಲಿ ಪೆಟ್ರೋಲ್ ಪೈಪ್.

ಮನೆಗೆ ಹೇಗೆ ಬಂದೆ ಅನ್ನುವುದು ಬೇಡ. ಬ್ಯಾಟರಿಯ ವೈರು ಬಿಚ್ಚಿಟ್ಟು ಮಲಗಿದೆ. ನಿದ್ದೆ ಬರಲಿಲ್ಲ.

ಬೀಪ್ ಅನ್ನುವ ಮೀಟರ್

ಮಾರನೇ ದಿನ ಎಲ್ಲರೂ ಮಾಡುವುದನ್ನೇ ಮಾಡಿದೆ. ಮಲ್ಟಿಮೀಟರನ್ನು ಕಂಟಿನ್ಯುಟಿಗೆ, ಅಂದರೆ ವೈರು ತುಂಡಾಗಿದೆಯಾ ಅಂತ ನೋಡುವ ಕಡೆಗೆ, ಇಟ್ಟು ಒಂದೊಂದೇ ವೈರು ನೋಡಿದೆ. ಎಲ್ಲದಕ್ಕೂ ಬೀಪ್. ಎಲ್ಲ ಸರಿಯಿದೆ! ಹಾಗಾದರೆ ರಾತ್ರಿ ಆಗಿದ್ದೇನು?

ಇಲ್ಲೇ ನಾನು ಒಂದು ಮುಖ್ಯ ಪಾಠ ಕಲಿತೆ, ಹಳೇ ಗಾಡಿ ಇರುವ ಪ್ರತಿಯೊಬ್ಬರಿಗೂ ಇದನ್ನು ಹೇಳಬೇಕು ಅನ್ನಿಸುತ್ತದೆ. ಕಂಟಿನ್ಯುಟಿ ನೋಡುವಾಗ ಮೀಟರ್ ವೈರಿನೊಳಗೆ ಕಳಿಸುವ ಕರೆಂಟು ತೀರಾ ಚೂರು. ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಆ ಚೂರು ಕರೆಂಟಿಗೆ ಅದೇ ಸಾಕು. ಮೀಟರ್ ಬೀಪ್ ಅನ್ನುತ್ತದೆ. ಅದು ಸುಳ್ಳು ಹೇಳುತ್ತಿಲ್ಲ. ನಾವು ಕೇಳಿದ ಪ್ರಶ್ನೆಯೇ ತಪ್ಪು. "ದಾರಿ ಇದೆಯಾ" ಅಂತ ಕೇಳಿದ್ದೇವೆ. ಕೇಳಬೇಕಾಗಿದ್ದು "5-6 ಆಂಪಿಯರ್ ಹೋದರೆ ಈ ದಾರಿ ತಡೆಯುತ್ತದಾ" ಅಂತ. ಅದು ಗೊತ್ತಾಗಬೇಕಾದರೆ ದೀಪ ಉರಿಯುತ್ತಿರಬೇಕು, ಕರೆಂಟು ಹರಿಯುತ್ತಿರಬೇಕು, ಆಗ ವೋಲ್ಟ್ ಅಳೆಯಬೇಕು.

ಹಾಗೆ ಅಳೆದೆ. ಹೆಡ್‌ಲೈಟ್ ಹಾಕಿದೆ. ಬ್ಯಾಟರಿಯ ಎರಡು ಕಂಬಗಳ ನಡುವೆ 6.1 ವೋಲ್ಟ್. ಬಲ್ಬಿನ ಎರಡು ತುದಿಗಳ ನಡುವೆ 4.4. ಅಂದರೆ 1.7 ವೋಲ್ಟ್ ದಾರಿಯಲ್ಲೇ ಖರ್ಚಾಗಿದೆ. 12 ವೋಲ್ಟ್ ಗಾಡಿಯಲ್ಲಿ 1.7 ಹೋದರೆ ಬೇಜಾರು, 6 ವೋಲ್ಟ್ ಗಾಡಿಯಲ್ಲಿ ಹೋದರೆ ಕತ್ತಲೆ. ತಂತಿ ಬಲ್ಬಿನ ಬೆಳಕು ವೋಲ್ಟಿನ ಜೊತೆ ಸಮಸಮವಾಗಿ ಇಳಿಯುವುದಿಲ್ಲ, ಅದಕ್ಕಿಂತ ತುಂಬಾ ಬೇಗ ಇಳಿಯುತ್ತದೆ. ವೋಲ್ಟ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ಸುಮಾರು ಮೂವತ್ತು ಕಡಿಮೆಯಾಗುತ್ತದೆ. ನನ್ನ ಲೆಕ್ಕದಲ್ಲಿ ನನಗೆ ಸಿಗುತ್ತಿದ್ದದ್ದು ಸಿಗಬೇಕಾದ ಬೆಳಕಿನ ಮೂರನೇ ಒಂದು ಭಾಗ. ಒಂದು ವರ್ಷ ಅಷ್ಟರಲ್ಲೇ ರಾತ್ರಿ ಓಡಿಸಿದ್ದೆ.

ಈ 1.7 ವೋಲ್ಟ್ ಎಲ್ಲಿ ಹೋಯಿತು ಅಂತ ಹುಡುಕುವುದು ನಿಜಕ್ಕೂ ಚೆನ್ನಾಗಿರುತ್ತದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ತ್ ಕಂಬಕ್ಕೆ, ಅಂದರೆ ಗಾಡಿಯ ಮೈಗೆ ಸೇರಿಸಿದ ಕಡೆಗೆ, ಇಟ್ಟೆ, ಇನ್ನೊಂದು ಹೆಡ್‌ಲೈಟ್ ಡೂಮಿನ ಕಬ್ಬಿಣಕ್ಕೆ. ಎರಡೂ ಒಂದೇ ಅರ್ತ್. ಅವುಗಳ ನಡುವೆ ಏನೂ ತೋರಿಸಬಾರದು. 0.9 ವೋಲ್ಟ್ ತೋರಿಸಿತು. ನನಗೆ ನಂಬಲಾಗಲಿಲ್ಲ. ಅರ್ಧಕ್ಕಿಂತ ಜಾಸ್ತಿ ನಷ್ಟ ನಾನು ವೈರು ಅಂತಲೇ ಎಣಿಸದ ಜಾಗದಲ್ಲಿ ಆಗುತ್ತಿತ್ತು.

ಯೋಚಿಸಿ ನೋಡಿ. ಬ್ಯಾಟರಿಯಿಂದ ಬಲ್ಬಿನವರೆಗೆ ಕರೆಂಟು ಹೋಗಲು ವೈರು ಇದೆ. ವಾಪಸ್ ಬರಲು? ಗಾಡಿಯ ಮೈಯೇ ದಾರಿ. ಡೂಮಿನಿಂದ ಫೋರ್ಕಿಗೆ, ಫೋರ್ಕಿನಿಂದ ಹ್ಯಾಂಡಲ್ ತಿರುಗುವ ಜಾಗದ ಗೋಲಿಗಳಿಗೆ, ಗೋಲಿಗಳಿಂದ ಚಾಸಿಗೆ, ಚಾಸಿಯಿಂದ ಒಂದು ಬೋಲ್ಟಿನ ಮೂಲಕ ಬ್ಯಾಟರಿಗೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದ್ದರೆ ಇದು ಸರಿಯಾದ ಏರ್ಪಾಡೇ. ನಾನೇನು ಮಾಡಿದ್ದೆ? ಚಾಸಿಗೆ ಮೂರು ಕೋಟು ಬಣ್ಣ ಹೊಡೆಸಿದ್ದೆ. ಗೋಲಿಗಳಿಗೆ ಹೊಸ ಗ್ರೀಸು ತುಂಬಿಸಿದ್ದೆ. ಬ್ಯಾಟರಿಯ ಅರ್ತ್ ಲಗ್ಗನ್ನು (ವೈರಿನ ತುದಿಯ ಲೋಹದ ಕೊಂಡಿ) ಆ ಹೊಳೆಯುವ ಬಣ್ಣದ ಮೇಲೇ ಕೂರಿಸಿ ಬೋಲ್ಟ್ ಬಿಗಿ ಮಾಡಿದ್ದೆ. ಬೋಲ್ಟಿನ ತಿರುಪಿನ ಗೆರೆ ಬಣ್ಣವನ್ನು ಕೆರೆದು ಎಲ್ಲೋ ಒಂದೆರಡು ಕಡೆ ಕಬ್ಬಿಣ ಮುಟ್ಟಿತ್ತು, ಅಷ್ಟೇ. ಇಡೀ ಗಾಡಿಯ ಕರೆಂಟು ವಾಪಸ್ ಬರುತ್ತಿದ್ದದ್ದು ಆ ಒಂದೆರಡು ಚುಕ್ಕೆಗಳ ಮೂಲಕ. ನಷ್ಟವಾದ 0.9 ವೋಲ್ಟನ್ನು ಬಲ್ಬು ಎಳೆಯುತ್ತಿದ್ದ ಸುಮಾರು 5 ಆಂಪಿಯರಿಂದ ಭಾಗಿಸಿದರೆ 0.18 ಓಮ್. ನೋಡಲು ಎಷ್ಟು ಸಣ್ಣ ಸಂಖ್ಯೆ. ಬ್ರೇಕ್ ಒತ್ತಿದಾಗ ಬ್ರೇಕ್ ಲೈಟಿನ ಇನ್ನೆರಡು ಆಂಪಿಯರ್ ಅದೇ ಚುಕ್ಕೆಗಳ ಮೂಲಕ ನುಗ್ಗುತ್ತದೆ, ಅಲ್ಲಿ ಇನ್ನೂ 0.36 ವೋಲ್ಟ್ ಹೋಗುತ್ತದೆ, ಹೆಡ್‌ಲೈಟ್ ಮಂಕಾಗುತ್ತದೆ. ಒಂದು ವರ್ಷ ನನ್ನನ್ನು ಕಾಡಿದ್ದು ಇಷ್ಟೇ. ನಾನು ಪ್ರೀತಿಯಿಂದ ಹೊಡೆಸಿದ ಬಣ್ಣವೇ ಕರೆಂಟಿನ ದಾರಿ ಮುಚ್ಚಿತ್ತು.

ಕಟ್ಟು ಬಿಚ್ಚಿದಾಗ

ಅರ್ತ್ ಜಾಗದಲ್ಲಿ ಬಣ್ಣ ಕೆರೆದು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ ಬಿಸಿ ವೈರು ನೆನಪಿತ್ತು. ಒಂದು ಶನಿವಾರ ಟ್ಯಾಂಕ್ ಇಳಿಸಿ, ಸೀಟು ಬಿಚ್ಚಿ, ಡೂಮ್ ತೆರೆದು ಇಡೀ ವೈರಿಂಗ್ ಸೆಟ್ ಹೊರಗೆಳೆದೆ. ಎಳೆಯುವ ಮೊದಲು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಯಾವ ವೈರು ಯಾವ ಕಡೆ ಅಂತ ಬರೆದುಕೊಂಡೆ. ಜಾವಾದ ಡೂಮಿನೊಳಗಿನ ಸ್ವಿಚ್ಚಿನ ಹಿಂಭಾಗ ನೋಡಿದವರಿಗೆ ಗೊತ್ತಿರುತ್ತದೆ, ಪ್ರತಿ ಸ್ಕ್ರೂ ಪಕ್ಕ ಒಂದು ನಂಬರ್ ಇರುತ್ತದೆ. 30 ಅಂದರೆ ಬ್ಯಾಟರಿಯಿಂದ ನೇರ ಬಂದಿದ್ದು. 15 ಅಂದರೆ ಕೀ ಹಾಕಿದ ಮೇಲೆ ಇಗ್ನಿಷನ್‌ಗೆ ಹೋಗುವುದು. 56 ಹೆಡ್‌ಲೈಟ್, 61 ಚಾರ್ಜಿಂಗ್ ತೋರಿಸುವ ಕೆಂಪು ದೀಪ. ಜರ್ಮನಿಯ ಪದ್ಧತಿಯಿಂದ ಬಂದ ನಂಬರುಗಳಿವು. ಇವತ್ತಿನ ಕಾರಿನ ರಿಲೇ ತೆಗೆದು ನೋಡಿದರೂ ಅದರ ಮೇಲೆ 30, 85, 86, 87 ಅಂತ ಇರುತ್ತದೆ, ಅದೇ ಮನೆತನ. ವೈರಿನ ಬಣ್ಣ ಮಾಸಿ ಎಲ್ಲವೂ ಒಂದೇ ಕಂದು ಆಗಿದ್ದರೂ ಈ ನಂಬರುಗಳು ಕೈ ಬಿಡಲಿಲ್ಲ. ಐವತ್ತು ವರ್ಷದ ಆಚೆ ಯಾರೋ ನನಗೋಸ್ಕರ ಬರೆದಿಟ್ಟ ಹಾಗಿತ್ತು.

ಕಟ್ಟು ಬಿಚ್ಚಲು ಎರಡು ದಿನ ಹಿಡಿಯಿತು. ಮೇಲಿನ ಪದರ ನಾನು ಸುತ್ತಿಸಿದ ಕಪ್ಪು ಟೇಪು. ಬಿಸಿಗೆ ಅದರ ಅಂಟು ಕರಗಿ ಕೈಗೆಲ್ಲ ಮೆತ್ತಿಕೊಂಡಿತು. ಅದರ ಕೆಳಗೆ ಇನ್ನೊಂದು ಕಾಲದ ಟೇಪು, ಅದರ ಕೆಳಗೆ ಇನ್ನೊಂದು. ತಳದಲ್ಲಿ ಮೂಲ ವೈರು. ಅದರ ಮೇಲಿನ ಪ್ಲಾಸ್ಟಿಕ್ ಮೆತ್ತಗೆ ಇರಬೇಕಾಗಿದ್ದು ಒಣಗಿದ ಕಡ್ಡಿಯ ಹಾಗಾಗಿತ್ತು, ಬಗ್ಗಿಸಿದರೆ ಚಟ್ ಅಂತ ಬಿರಿಯುತ್ತಿತ್ತು. ಪ್ಲಾಸ್ಟಿಕ್ಕನ್ನು ಮೆತ್ತಗಿಡಲು ಸೇರಿಸಿರುವ ಎಣ್ಣೆಯಂಥ ಪದಾರ್ಥ ವರ್ಷಗಳು ಕಳೆದಂತೆ, ಎಂಜಿನ್ ಬಿಸಿ ತಾಗಿದಂತೆ, ಹೊರಟುಹೋಗುತ್ತದೆ. ಆಮೇಲೆ ಉಳಿಯುವುದು ಚಿಪ್ಪು. ಹ್ಯಾಂಡಲ್ ತಿರುಗುವ ಜಾಗದಲ್ಲಿ ಚಿಪ್ಪು ಪೂರ್ತಿ ಉದುರಿತ್ತು. ಒಳಗೆ ಹೆಡ್‌ಲೈಟಿನ ವೈರಿನಲ್ಲಿ ಒಂದು ಎಳೆಯೂ ಇಡಿಯಾಗಿ ಉಳಿದಿರಲಿಲ್ಲ. ಹ್ಯಾಂಡಲ್ ನೇರ ಇದ್ದಾಗ, ಬಲಕ್ಕೆ ತಿರುಗಿಸಿದಾಗ ತುಂಡಾದ ತುದಿಗಳು ಹೇಗೋ ತಾಗಿಕೊಳ್ಳುತ್ತಿದ್ದವು, ಎಡಕ್ಕೆ ತಿರುಗಿಸಿದರೆ ಬಿಡಿಸಿಕೊಳ್ಳುತ್ತಿದ್ದವು. ನನ್ನ ಆ ರಾತ್ರಿಯ ತಿರುವು ಅಲ್ಲಿತ್ತು, ಬೆರಳ ಉಗುರಿನಷ್ಟು ಜಾಗದಲ್ಲಿ.

ಫ್ಯೂಸ್ ಡಬ್ಬಿ ತೆರೆದಾಗ ಮೈ ಜುಂ ಅಂದಿತು. 15 ಆಂಪಿಯರ್ ಫ್ಯೂಸ್ ಇರಬೇಕಾದ ಕಡೆ ಸುಟ್ಟ ಫ್ಯೂಸಿನ ಮೇಲೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದರು. ಯಾವ ಕಾಲದಲ್ಲಿ ಯಾರು ಮಾಡಿದ್ದೋ. ದಾರಿಯಲ್ಲಿ ಕೆಟ್ಟು ನಿಂತಾಗ ಮನೆ ಸೇರಲು ಮಾಡಿಕೊಂಡ ಉಪಾಯ ಇರಬೇಕು, ಅದನ್ನು ನಾನು ಬಯ್ಯುವುದಿಲ್ಲ. ಆದರೆ ಪೆಟ್ರೋಲ್ ಪೈಪಿನ ಪಕ್ಕ ಆ ವೈರು ಕೆಂಪಗೆ ಕಾದಿದ್ದರೆ ಅದನ್ನು ತಡೆಯಲು ಅಲ್ಲಿ ಏನೂ ಇರಲಿಲ್ಲ. ಟೇಪು ಸುತ್ತಿಸುವಾಗ ನಾನು ಆ ಡಬ್ಬಿ ತೆರೆದು ನೋಡಿರಲೇ ಇಲ್ಲ, ಮುಚ್ಚಳಕ್ಕೆ ಪಾಲಿಶ್ ಮಾತ್ರ ಹಾಕಿದ್ದೆ.

ದಾರಿಯುದ್ದಕ್ಕೂ ಹಳೇ ಜೋಡಣೆಗಳು ಸಿಕ್ಕವು. ಒಟ್ಟು ಹನ್ನೊಂದು. ಬರೀ ಹೊಸೆದು ಟೇಪು ಸುತ್ತಿದ್ದವೇ ಜಾಸ್ತಿ. ಟೇಪು ಬಿಚ್ಚಿದರೆ ತಾಮ್ರ ಹಸಿರು ಪುಡಿಯಾಗಿತ್ತು. ಟೇಪಿನ ಒಳಗೆ ಒಮ್ಮೆ ನೀರು ಹೋದರೆ ಹೊರಗೆ ಬರುವುದಿಲ್ಲ, ಅಲ್ಲೇ ಕೂತು ತಿನ್ನುತ್ತದೆ. ಆದರೆ ಹಿಂದಿನ ಮಡ್‌ಗಾರ್ಡ್ ಹತ್ತಿರ ಒಂದು ಬೇರೆ ಥರದ ಗಂಟು ಸಿಕ್ಕಿತು. ಬಟ್ಟೆಯ ಪಟ್ಟಿ ಸುತ್ತಿದ್ದರು, ಹತ್ತಿ ಬಟ್ಟೆ, ಅಂಚಿನಲ್ಲಿ ತೆಳ್ಳಗೆ ಒಂದು ಹಸಿರು ಗೆರೆ, ಪಂಚೆಯದೇ ಇರಬೇಕು. ಗಟ್ಟಿಯಾಗಿ, ನುಣ್ಣಗೆ ಇತ್ತು. ಉಗುರಿನಿಂದ ಕೆರೆದರೆ ಮೇಣ. ನಿಧಾನಕ್ಕೆ ಅರ್ಧ ಬಿಚ್ಚಿದೆ. ಒಳಗೆ ತಾಮ್ರ ಹೊಸದರ ಹಾಗೆ ಗುಲಾಬಿ ಬಣ್ಣದಲ್ಲಿತ್ತು. ಎರಡು ತುದಿಗಳನ್ನು ಎದುರು ಬದುರಾಗಿ ಒಂದರೊಳಗೊಂದು ಹೆಣೆದು, ಆಮೇಲೆ ಎರಡೂ ಕಡೆ ಬಿಗಿಯಾಗಿ ಸುತ್ತಿದ್ದರು. ಅವಸರದಲ್ಲಿ ಮಾಡಿದ ಕೆಲಸದ ಹಾಗೆ ಕಾಣಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪ, ಹಿಂದಿನ ದೀಪದ ವೈರಿಗೆ ಬಟ್ಟೆ ಸುತ್ತಿದ್ದು ನೀವಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೇಣ ಹಾಕಿದೆಯಾ ನೋಡು."

"ಹೌದು, ಇದೆ."

"ಹಾಗಾದ್ರೆ ನಂದೇ ಕಣೋ. ರಾತ್ರಿ ಮಳೆ ಬರ್ತಿತ್ತು. ಟೇಪ್ ಇರ್ಲಿಲ್ಲ. ಒಂದು ಅಂಗಡಿ ಜಗಲಿ ಮೇಲೆ ನಿಂತು ಮೇಣದಬತ್ತಿ ಇಸ್ಕೊಂಡು ಮಾಡಿದ್ದು. ಹಿಂದೆ ಲಾರಿಗಳು ಬರ್ತಾವೆ, ಕೆಂಪು ದೀಪ ಇಲ್ದೆ ಹೇಗೆ ಹೋಗೋದು? ನಿಮ್ಮಮ್ಮ ಹಿಂದೆ ಕೂತಿದ್ಲು." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ಸರಿ ಮಾಡಿಸ್ಬೇಕು ಅಂದ್ಕೊಂಡಿದ್ದೆ. ಮರೆತೇ ಹೋಯ್ತು" ಅಂದರು.

ಆ ಗಂಟಿನ ಎರಡು ತುದಿಗಳ ನಡುವೆ, ದೀಪ ಉರಿಸಿ, ಅಳೆದು ನೋಡಿದೆ. ಮೀಟರ್ 0.01 ತೋರಿಸಿತು. ಉಳಿದ ಹತ್ತು ಜೋಡಣೆಗಳಲ್ಲಿ ಯಾವುದೂ ಅದರ ಹತ್ತಿರಕ್ಕೂ ಬರಲಿಲ್ಲ. ಟೇಪು ಒಳ್ಳೆಯದೋ ಬಟ್ಟೆ ಒಳ್ಳೆಯದೋ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ತಾಮ್ರಕ್ಕೆ ತಾಮ್ರ ಬಿಗಿಯಾಗಿ ತಾಗಿತ್ತು, ನೀರು ಒಳಗೆ ಹೋಗಲಿಲ್ಲ, ಅಷ್ಟೇ ಬೇಕಾಗಿದ್ದು. ಯಾವ ಹೊಸ ಕನೆಕ್ಟರ್ ತಂದರೂ ಅದು ಮಾಡಬೇಕಾದ ಕೆಲಸ ಇವೆರಡೇ. ಮುಂದಿನ ಮೂರು ವಾರ ನಾನು ಹಾಕಿದ ಪ್ರತಿ ಲಗ್ಗನ್ನೂ ಆ ಗಂಟಿನ ಪಕ್ಕ ಇಟ್ಟು ನೋಡಿದೆ.

ತಾಮ್ರದ ಲೆಕ್ಕ

ಮೊದಲು ಒಂದು ರೆಡಿಮೇಡ್ ವೈರಿಂಗ್ ಸೆಟ್ ತರಿಸಿದ್ದೆ. ನೋಡಲು ಚೆನ್ನಾಗಿತ್ತು, ದಪ್ಪ ದಪ್ಪ ವೈರು, ಬಣ್ಣ ಬಣ್ಣ. ಒಂದು ತುದಿ ಸುಲಿದು ನೋಡಿದರೆ ದಪ್ಪ ಇದ್ದದ್ದು ಪ್ಲಾಸ್ಟಿಕ್ ಮಾತ್ರ. ಒಳಗೆ ಕೂದಲಿನಂಥ ಒಂಬತ್ತು ಎಳೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ, ತಾಮ್ರದ ಬಣ್ಣದ ಕೆಳಗೆ ಬೆಳ್ಳಗೆ ಅಲ್ಯೂಮಿನಿಯಂ ಕಂಡಿತು. ವೈರು ಕೊಳ್ಳುವವರು ದಯವಿಟ್ಟು ಈ ಒಂದು ಪರೀಕ್ಷೆ ಮಾಡಿ. ಕೆರೆದರೆ ಒಳಗೂ ಕೆಂಪಗೇ ಇರಬೇಕು.

6 ವೋಲ್ಟಿಗೆ ದಪ್ಪ ತಾಮ್ರ ಯಾಕೆ ಬೇಕು ಅನ್ನುವುದಕ್ಕೆ ದೊಡ್ಡ ವಿದ್ಯೆ ಬೇಡ. ನನ್ನ ಹೆಡ್‌ಲೈಟ್ ಬಲ್ಬ್ 35 ವ್ಯಾಟ್. 12 ವೋಲ್ಟಿನಲ್ಲಿ ಅದಕ್ಕೆ 3 ಆಂಪಿಯರ್ ಹತ್ತಿರ ಸಾಕು. 6 ವೋಲ್ಟಿನಲ್ಲಿ ಸುಮಾರು 6 ಬೇಕು. ಒಂದೇ ವೈರಿನಲ್ಲಿ ಎರಡರಷ್ಟು ಕರೆಂಟು ಹೋದರೆ ಎರಡರಷ್ಟು ವೋಲ್ಟ್ ಕಳೆಯುತ್ತದೆ, ಅದೂ ನಮ್ಮ ಹತ್ತಿರ ವೋಲ್ಟ್ ಇರುವುದೇ 12ರ ಅರ್ಧದಷ್ಟು. ಹೀಗೆ ಪೆಟ್ಟು ನಾಲ್ಕರಷ್ಟಾಗುತ್ತದೆ. 0.5 ಚದರ ಮಿಲಿಮೀಟರಿನ ವೈರನ್ನು ಎರಡು ಮೀಟರ್ ಎಳೆದರೆ 0.4 ವೋಲ್ಟ್ ವೈರಿನಲ್ಲೇ ಹೋಗುತ್ತದೆ, ಇನ್ನೂ ಜೋಡಣೆಗಳ ಲೆಕ್ಕ ಹಿಡಿದಿಲ್ಲ. ಅದೇ 1.5 ಚದರ ಮಿಲಿಮೀಟರ್ ಹಾಕಿದರೆ 0.13ಕ್ಕೆ ಇಳಿಯುತ್ತದೆ. ನಾನು ಬ್ಯಾಟರಿ, ಡೈನಮೋ, ಸ್ವಿಚ್ಚಿನ 30ರ ದಾರಿಗೆ 2.5 ಹಾಕಿದೆ. ಹೆಡ್‌ಲೈಟಿಗೆ 1.5. ಉಳಿದಿದ್ದಕ್ಕೆ 1. ಜಾಸ್ತಿ ಆಯಿತು ಅಂತ ಹೇಳುವವರು ಇರಬಹುದು. ಟ್ಯಾಂಕಿನ ಕೆಳಗೆ ಜಾಗ ಇತ್ತು, ನಾನು ಹಾಕಿದೆ.

ಸುಮ್ನೆ 12 ವೋಲ್ಟ್ ಮಾಡಿಸಿಬಿಡು ಅಂತ ಗೆಳೆಯರು ಹೇಳಿದರು. ಅದರಲ್ಲಿ ಅರ್ಥವಿಲ್ಲದೇ ಇಲ್ಲ. ಈ ಡೈನಮೋ ಕೊಡುವುದು 45 ವ್ಯಾಟ್. ಹೆಡ್‌ಲೈಟಿಗೆ 35, ಹಿಂದಿನ ದೀಪಕ್ಕೆ 5, ಇಗ್ನಿಷನ್ ಕಾಯಿಲಿಗೆ ಇನ್ನಷ್ಟು. ಅಲ್ಲಿಗೆ ಎಲ್ಲ ಮುಗಿಯಿತು, ಬ್ರೇಕ್ ಒತ್ತಿದರೆ ಬ್ಯಾಟರಿಯೇ ಕೈಯಿಂದ ಹಾಕಬೇಕು. ದಿನಾ ರಾತ್ರಿ ಹೆದ್ದಾರಿಯಲ್ಲಿ ಹೋಗುವವರು 12ಕ್ಕೆ ಬದಲಾಯಿಸುವುದೇ ಸರಿ, ಜೀವಕ್ಕಿಂತ ಯಾವ ಗಾಡಿಯೂ ದೊಡ್ಡದಲ್ಲ. ನನಗೆ ಮಾತ್ರ ಆ ಡೈನಮೋ ತೆಗೆಯಲು ಮನಸ್ಸಾಗಲಿಲ್ಲ. ಎಂಜಿನ್ನಿನ ಬಲಗಡೆ ಮುಚ್ಚಳ ತೆಗೆದರೆ ಕ್ರ್ಯಾಂಕಿನ ತುದಿಯಲ್ಲೇ ತಿರುಗುವ ಆರ್ಮೇಚರ್, ಅದರ ಮೇಲೆ ಸ್ಪ್ರಿಂಗ್ ಒತ್ತಿ ಹಿಡಿದ ಕಾರ್ಬನ್ನುಗಳು, ಪಕ್ಕದಲ್ಲೇ ಇಗ್ನಿಷನ್ ಪಾಯಿಂಟ್. ಎಲ್ಲ ಕಣ್ಣಿಗೆ ಕಾಣುತ್ತದೆ, ಏನು ನಡೆಯುತ್ತಿದೆ ಅಂತ ಬೆರಳು ತೋರಿಸಿ ಹೇಳಬಹುದು. ಕಟೌಟ್ ಅನ್ನುವ ತಾನಾಗೇ ಕೆಲಸ ಮಾಡುವ ಸ್ವಿಚ್ಚು ಕೂಡ ಹಾಗೇ. ಡೈನಮೋ ವೋಲ್ಟ್ ಬ್ಯಾಟರಿಗಿಂತ ಮೇಲೆ ಹೋದರೆ ಒಂದು ಸಣ್ಣ ನಾಲಿಗೆ ಕೆಳಗೆ ಬಂದು ಕೂಡಿಕೊಳ್ಳುತ್ತದೆ, ಎಂಜಿನ್ ನಿಧಾನವಾದರೆ ಬಿಟ್ಟುಕೊಳ್ಳುತ್ತದೆ. ಆ ನಾಲಿಗೆ ಸುಟ್ಟು ಅಂಟಿಕೊಂಡರೆ ಮಾತ್ರ ಕಷ್ಟ, ನಿಂತ ಗಾಡಿಯಲ್ಲಿ ಬ್ಯಾಟರಿಯ ಕರೆಂಟು ಹಿಂದಕ್ಕೆ ಡೈನಮೋದೊಳಗೆ ಹರಿದು ಅದನ್ನೇ ಸುಡುತ್ತದೆ. ಅದಕ್ಕೇ ಮೊದಲು ಅದನ್ನು ಸ್ವಚ್ಛ ಮಾಡಿದೆ. ಡೈನಮೋಗೆ ಸ್ವಲ್ಪ ಉಸಿರಾಡಲಿ ಅಂತ ಹಿಂದಿನ ದೀಪಕ್ಕೆ ಮಾತ್ರ ಎಲ್‌ಇಡಿ ಬಲ್ಬ್ ಹಾಕಿದೆ. ಹೊರಗಿನಿಂದ ಗೊತ್ತಾಗುವುದಿಲ್ಲ.

ಹೊಸ ಕಟ್ಟು

ಒಂದು ಹಲಗೆಗೆ ಮೊಳೆ ಹೊಡೆದು, ಹಳೇ ಕಟ್ಟಿನ ಉದ್ದಕ್ಕೆ ಸರಿಯಾಗಿ ಹೊಸ ವೈರುಗಳನ್ನು ಹಾಸಿದೆ. ಒಂದು ಕಡೆ ಮಾತ್ರ ಹಳೇದಕ್ಕಿಂತ ಉದ್ದ ಬಿಟ್ಟೆ, ಹ್ಯಾಂಡಲ್ ತಿರುಗುವ ಜಾಗದಲ್ಲಿ. ಅಂಗೈ ಅಗಲದ ಒಂದು ಬಳಸು. ಆ ಬಳಸು ಇಲ್ಲದ್ದಕ್ಕೇ ಹಳೇ ವೈರು ಪ್ರತಿ ತಿರುವಿಗೂ ಎಳೆದು ಎಳೆದು ಸವೆದದ್ದು.

ಬೆಸುಗೆಯೋ ಕ್ರಿಂಪೋ (ಲಗ್ಗನ್ನು ವೈರಿಗೆ ಇಕ್ಕಳದಿಂದ ಒತ್ತಿ ಕೂರಿಸುವುದು) ಅನ್ನುವ ಜಗಳ ಎಲ್ಲ ಕಡೆ ಇದೆ. ನಾನು ಮೊದಲು ಬೆಸುಗೆಯ ಕಡೆಯವನೇ. ಹೊಳೆಯುವ ಬೆಸುಗೆ ನೋಡಿದರೆ ಕೆಲಸ ಗಟ್ಟಿಯಾಗಿದೆ ಅನ್ನಿಸುತ್ತದೆ. ಆದರೆ ಬಿಸಿ ಮಾಡಿದಾಗ ಕರಗಿದ ಸೀಸ ಎಳೆಗಳ ನಡುವೆ ಒಳಕ್ಕೆ ಹತ್ತಿಕೊಂಡು ಹೋಗುತ್ತದೆ, ಬತ್ತಿಗೆ ಎಣ್ಣೆ ಏರುವ ಹಾಗೆ. ಅಲ್ಲಿಯವರೆಗೆ ವೈರು ಕಡ್ಡಿಯಾಗುತ್ತದೆ, ಅದರಾಚೆ ಮೆತ್ತಗಿರುತ್ತದೆ. ಎರಡೂ ಸೇರುವ ಗಡಿಯಲ್ಲಿ, ಅದೂ ಈ ಟೂ ಸ್ಟ್ರೋಕ್ ನಡುಕದಲ್ಲಿ, ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಹಳೇ ಕಟ್ಟಿನಲ್ಲಿ ಅಂಥ ಎರಡು ಸಿಕ್ಕಿದ್ದವು. ಅದಕ್ಕೇ ಅಲ್ಲಾಡುವ ಕಡೆಯೆಲ್ಲ ಕ್ರಿಂಪ್ ಮಾಡಿದೆ. ಸರಿಯಾದ ಇಕ್ಕಳ ಬೇಕು ಅದಕ್ಕೆ, ಕಟಿಂಗ್ ಪ್ಲೇಯರಲ್ಲಿ ಒತ್ತಿದರೆ ಆಗುವುದಿಲ್ಲ. ಲಗ್ಗಿನ ಎರಡು ರೆಕ್ಕೆಗಳು ಒಳಕ್ಕೆ ಸುರುಳಿಯಾಗಿ ಎಳೆಗಳ ನಡುವೆ ಇಳಿಯಬೇಕು, ಹಿಂದಿನ ಎರಡು ರೆಕ್ಕೆಗಳು ಪ್ಲಾಸ್ಟಿಕ್ಕನ್ನು ಅಪ್ಪಿ ಹಿಡಿಯಬೇಕು. ಆಮೇಲೆ ಜೋರಾಗಿ ಎಳೆದು ನೋಡಬೇಕು. ಮೊದಲ ದಿನ ಮಾಡಿದ ಆರರಲ್ಲಿ ನಾಲ್ಕು ಕೈಗೇ ಬಂದವು. ಮತ್ತೆ ಮಾಡಿದೆ.

ಅರ್ತ್ ವಿಷಯದಲ್ಲಿ ಈ ಸಲ ಗಾಡಿಯ ಮೈಯನ್ನು ನಂಬಲಿಲ್ಲ. ಹೆಡ್‌ಲೈಟಿನಿಂದ ಒಂದು, ಹಿಂದಿನ ದೀಪದಿಂದ ಒಂದು, ಎಂಜಿನ್ ಕೇಸಿನಿಂದ ಒಂದು, ಮೂರು ವೈರುಗಳನ್ನು ನೇರ ಬ್ಯಾಟರಿಯ ಅರ್ತಿಗೆ ತಂದು ಸೇರಿಸಿದೆ. ಚಾಸಿಯ ಬೋಲ್ಟ್ ಜಾಗದಲ್ಲಿ ಒಂದು ರೂಪಾಯಿಯಷ್ಟು ಅಗಲಕ್ಕೆ ಬಣ್ಣ ಕೆರೆದೆ. ಹೊಸ ಬಣ್ಣದ ಮೇಲೆ ಮರಳು ಕಾಗದ ಇಡುವಾಗ ಕೈ ಹಿಂಜರಿಯಿತು, ನಿಜ. ಬೆಳ್ಳಗೆ ಕಬ್ಬಿಣ ಕಂಡ ಮೇಲೆ ಲಗ್ ಕೂರಿಸಿ, ಬಿಗಿ ಮಾಡಿ, ತುಕ್ಕು ಹಿಡಿಯದ ಹಾಗೆ ಮೇಲೆ ಗ್ರೀಸು ಸವರಿದೆ. ಕಟ್ಟಿಗೆ ಪ್ಲಾಸ್ಟಿಕ್ ಟೇಪಿನ ಬದಲು ಬಟ್ಟೆ ಟೇಪು ಸುತ್ತಿದೆ. ನೀರು ಹೋದರೂ ಆರಿಹೋಗುತ್ತದೆ.

ಫ್ಯೂಸಿನ ಜಾಗದಲ್ಲಿ ಬಲ್ಬು

ಮೊದಲ ಸಲ ಬ್ಯಾಟರಿ ಕೊಡುವ ದಿನ ಅಪ್ಪ ಬಂದರು. ಫ್ಯೂಸ್ ಹಾಕಲಿಲ್ಲ. ಅದರ ಜಾಗದಲ್ಲಿ ಒಂದು 6 ವೋಲ್ಟಿನ ಬಲ್ಬನ್ನು ಎರಡು ಕ್ಲಿಪ್ಪಿನಿಂದ ಸಿಕ್ಕಿಸಿದೆ. ಎಲ್ಲಾದರೂ ಶಾರ್ಟ್ ಇದ್ದರೆ ಆ ಬಲ್ಬ್ ಪೂರ್ತಿ ಉರಿಯುತ್ತದೆ, ವೈರು ಸುಡುವುದಿಲ್ಲ. ಶಾರ್ಟ್ ಇಲ್ಲದಿದ್ದರೆ ಹಾಗೆ ಪೂರ್ತಿ ಉರಿಯುವುದಿಲ್ಲ. ಮೂರು ವಾರದ ಕೆಲಸವನ್ನು ಹೊಗೆ ಮಾಡಿಕೊಳ್ಳದೆ ಪರೀಕ್ಷಿಸಲು ನನಗೆ ಗೊತ್ತಿರುವ ಅತಿ ಸುಲಭದ ದಾರಿ ಇದು.

ಬ್ಯಾಟರಿಗೆ ವೈರು ಮುಟ್ಟಿಸಿದೆ. ಉರಿಯಲಿಲ್ಲ. ಅಪ್ಪ ಮೊಳೆಯಂಥ ಆ ಕೀ ಒತ್ತಿ, ದೀಪದ ಕಡೆ ತಿರುಗಿಸಿದರು. ಬಲ್ಬ್ ಭಗ್ಗನೆ ಉರಿಯಿತು. ಹೆಡ್‌ಲೈಟ್ ಕತ್ತಲೆ.

"ತೆಗಿ ತೆಗಿ" ಅಂದರು ಅಪ್ಪ.

ಹಿಂದಿನ ದೀಪದ ವೈರು ಬಿಚ್ಚಿದೆ, ಬಲ್ಬಿನ ಉರಿ ಇಳಿಯಿತು. ಅಲ್ಲೇ ಇತ್ತು. ದೀಪದ ಗಾಜು ಕೂರಿಸುವ ಸ್ಕ್ರೂ ಒಂದು ಚೂರು ಉದ್ದವಾಗಿ, ಹೊಸ ವೈರಿನ ಪ್ಲಾಸ್ಟಿಕ್ಕಿಗೆ ಇಳಿದಿತ್ತು. ಸೂಜಿ ಚುಚ್ಚಿದಷ್ಟು ತೂತು. ಬೆಳ್ಳಿ ಕಾಗದದ ಫ್ಯೂಸ್ ಇದ್ದಿದ್ದರೆ ಆ ತೂತು ಏನೇನು ಮಾಡುತ್ತಿತ್ತೋ. ವೈರನ್ನು ಸ್ಕ್ರೂ ಸಿಗದ ಕಡೆ ಸರಿಸಿ ಕಟ್ಟಿದೆ, ತೂತಾದ ಭಾಗ ಕತ್ತರಿಸಿ ಹೊಸದು ಹಾಕಿದೆ. ಅಷ್ಟು ಹೊತ್ತು ಅಪ್ಪ ತಮ್ಮ ಹಳೇ ಮೇಣದ ಗಂಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ನಿಮ್ಮಮ್ಮ ಅವತ್ತು ಕೊಡೆ ಹಿಡ್ಕೊಂಡು ನಿಂತಿದ್ಲು, ನೀರು ಬೀಳದ ಹಾಗೆ" ಅಂದರು. ಆ ಭಾಗ ಫೋನಿನಲ್ಲಿ ಹೇಳಿರಲಿಲ್ಲ.

ಎರಡನೇ ಸಲ ಫ್ಯೂಸಿನ ಜಾಗದ ಬಲ್ಬೂ ಹೆಡ್‌ಲೈಟೂ ಎರಡೂ ಮಂದವಾಗಿ, ಹಂಚಿಕೊಂಡ ಹಾಗೆ ಉರಿದವು. ಹಾಗೇ ಆಗಬೇಕು. ಬಲ್ಬ್ ತೆಗೆದು 15 ಆಂಪಿಯರಿನ ಹೊಸ ಫ್ಯೂಸ್ ಹಾಕಿದೆ. ಗೋಡೆ ಬೆಳ್ಳಗಾಯಿತು. ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 6.2, ಬಲ್ಬಿನಲ್ಲಿ 5.9. ಬ್ರೇಕ್ ಒತ್ತಿದೆ, ಗೋಡೆಯ ಮೇಲಿನ ಬೆಳಕು ಅಲುಗಲಿಲ್ಲ.

ಕಿಕ್ ಹೊಡೆದದ್ದು ಅಪ್ಪ. ಮೂರನೇ ಕಿಕ್ಕಿಗೆ ಹತ್ತಿತು. ಆಕ್ಸಿಲರೇಟರ್ ಸ್ವಲ್ಪ ಕೊಟ್ಟಾಗ ಕೆಂಪು ದೀಪ ಮಿಣಿಮಿಣಿ ಅಂದು ಆರಿತು, ಚಾರ್ಜ್ ಆಗುತ್ತಿದೆ ಅಂತ. ಅಪ್ಪ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಬೆಳಕು ಗೋಡೆ ಬಿಟ್ಟು ಬೇಲಿಯ ಮೇಲೆ ಹೋಗಿ ನಿಂತಿತು. ಪೂರ್ತಿ ಬಲಕ್ಕೆ ತಿರುಗಿಸಿದರು, ಗೇಟಿನ ಮೇಲೆ ಬಂತು. ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ಮಿಣುಕುತ್ತದೇನೋ ಅಂತ ನಾವಿಬ್ಬರೂ ಬೇಲಿಯನ್ನೇ ನೋಡುತ್ತಾ ನಿಂತಿದ್ದೆವು.